ಕೊಳವೆ ಕಾಡೆನ್‌ನದು, ಕಿರೀಟ ಸುಜುಕಿಯದು

1961ರ ಸೆಪ್ಟೆಂಬರ್ 17. ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ 125 ಸಿಸಿ ಬೈಕುಗಳ ಗ್ರ್ಯಾಂಡ್ ಪ್ರಿ. ಪೂರ್ವ ಜರ್ಮನಿಯ ಎಂಜೆಡ್ ತಂಡದ ಸವಾರ ಅರ್ನ್‌ಸ್ಟ್ ಡೆಗ್ನರ್ ವಿಶ್ವ ಚಾಂಪಿಯನ್‌ಶಿಪ್‌ನ ಅಂಕಪಟ್ಟಿಯಲ್ಲಿ ಮುಂದಿದ್ದ. ಎರಡು ವಾರದ ಹಿಂದಷ್ಟೇ ಮೊಂಜಾದಲ್ಲಿ ಗೆದ್ದು ಬಂದಿದ್ದ. ಇಲ್ಲಿ ಮಾತ್ರ ರೇಸು ಶುರುವಾದ ಸ್ವಲ್ಪ ಹೊತ್ತಿಗೇ ಅವನ ಎಂಜಿನ್ ಕೈಕೊಟ್ಟಿತು. ಆಮೇಲೆ ಅವನು ತಂಡದ ಜತೆ ಊರಿಗೆ ಹೊರಡಲಿಲ್ಲ. ಡೆನ್ಮಾರ್ಕ್ ದಾಟಿ ಪಶ್ಚಿಮ ಜರ್ಮನಿ ಸೇರಿದ. ಅದೇ ವಾರಾಂತ್ಯದಲ್ಲಿ ಅವನ ಹೆಂಡತಿ, ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಿದ್ದರು. ಬರ್ಲಿನ್ ಗೋಡೆ ಎದ್ದು ಆಗ ಐದೇ ವಾರ.

ಡೆಗ್ನರ್ ಅಲ್ಲಿಂದ ಜಪಾನಿಗೆ, ಹಮಾಮತ್ಸುವಿನ ಸುಜುಕಿ ಕಾರ್ಖಾನೆಗೆ ಹೋದ. ಅವನ ತಲೆಯಲ್ಲಿ ಎಂಜೆಡ್ ಎಂಜಿನ್ನಿನ ಗುಟ್ಟುಗಳೆಲ್ಲ ಇದ್ದವು. ಅದುವರೆಗೆ ಗ್ರ್ಯಾಂಡ್ ಪ್ರಿಗಳಲ್ಲಿ ನೆಲಕಚ್ಚಿದ್ದ ಸುಜುಕಿ, ಮರುವರ್ಷ 1962ರಲ್ಲೇ 50 ಸಿಸಿ ವಿಭಾಗದಲ್ಲಿ ತನ್ನ ಮೊದಲ ವಿಶ್ವ ಪ್ರಶಸ್ತಿ ಗೆದ್ದಿತು. ಸವಾರ ಅದೇ ಡೆಗ್ನರ್. ಬೈಕ್ ಲೋಕ ಈ ಪಲಾಯನವನ್ನು ಸಿನಿಮಾ ಕತೆಯಂತೆ ಇಂದಿಗೂ ಹೇಳಿಕೊಳ್ಳುತ್ತದೆ. ಸುಜುಕಾ ಟ್ರ್ಯಾಕಿನ ಒಂದು ತಿರುವಿಗೆ ಡೆಗ್ನರ್ ಹೆಸರೇ ಇದೆ. ಆದರೆ ಆ ಎಂಜಿನ್ ಕಟ್ಟಿದವನ ಹೆಸರು ಕೇಳಿ ನೋಡಿ, ಬೈಕುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವರೂ ತಡವರಿಸುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ಅವನು ವಾಲ್ಟರ್ ಕಾಡೆನ್. 1919ರಲ್ಲಿ ಸ್ಯಾಕ್ಸನಿಯ ಪೋಬರ್ಶೌ ಎಂಬ ಹಳ್ಳಿಯಲ್ಲಿ ಹುಟ್ಟಿದ. ಓದಿದ್ದು ಕೆಮ್ನಿಟ್ಸ್‌ನಲ್ಲಿ. ಯುದ್ಧಕಾಲದಲ್ಲಿ ಹೆನ್ಶೆಲ್ ಕಂಪನಿಯಲ್ಲಿ ರೇಡಿಯೊ ನಿಯಂತ್ರಿತ ಕ್ಷಿಪಣಿಗಳ ಕೆಲಸ. ಯುದ್ಧ ಮುಗಿದ ಮೇಲೆ ಹೊಟ್ಟೆಪಾಡಿಗೆ, ಬಾಂಬಿಗೆ ಕುಸಿದ ಮನೆಗಳ ಚಾವಣಿಗೆ ಮರದ ಚೌಕಟ್ಟು ಮಾಡಿಕೊಡುತ್ತಿದ್ದ. ಬಿಡುವಿನಲ್ಲಿ ಹಳೆಯ ಡಿಕೆಡಬ್ಲ್ಯು ಆರ್‌ಟಿ 125 ಎಂಜಿನ್ನನ್ನು ಬಿಚ್ಚಿ, ತಿದ್ದಿ, ರೇಸಿಗೆ ಸಜ್ಜುಗೊಳಿಸುತ್ತಿದ್ದ. 1953ರಲ್ಲಿ ಷೋಪೌ ಪಟ್ಟಣದ ಕಾರ್ಖಾನೆ ತನ್ನ ರೇಸಿಂಗ್ ವಿಭಾಗವನ್ನು ಅವನ ಕೈಗೆ ಕೊಟ್ಟಿತು. ಮುಂದೆ ಎಂಜೆಡ್ ಎಂದು ಹೆಸರಾದದ್ದು ಅದೇ ಕಾರ್ಖಾನೆ.

ಟೂ ಸ್ಟ್ರೋಕ್ ಎಂಜಿನ್ನಿನ ಹುಟ್ಟುಗುಣ ಪೋಲು. ಸುಟ್ಟ ಹೊಗೆ ಹೊರಹೋಗುವ ಹೊತ್ತಿಗೇ ಹೊಸ ಪೆಟ್ರೋಲ್ ಮಿಶ್ರಣ ಒಳಬರುತ್ತದೆ. ಎರಡೂ ಬಾಗಿಲು ಒಟ್ಟಿಗೆ ತೆರೆದಿರುವುದರಿಂದ ಒಂದಷ್ಟು ಮಿಶ್ರಣ ಸುಡದೆಯೇ ಸೈಲೆನ್ಸರಿಗೆ ನುಗ್ಗುತ್ತದೆ. ಫೋರ್ ಸ್ಟ್ರೋಕ್‌ನಂತೆ ತಡೆಯಲು ಅಲ್ಲಿ ವಾಲ್ವ್ ಇಲ್ಲ. ಹೀಗಾಗಿ ರೇಸ್ ಲೋಕದ ದೊಡ್ಡವರು ಅದನ್ನು ಬಡವರ ಎಂಜಿನ್ ಎಂದೇ ಬಗೆದಿದ್ದರು.

ಕಾಡೆನ್ ಶೂನ್ಯದಿಂದ ಶುರುಮಾಡಿದವನಲ್ಲ. ಎಂಜಿನ್ನಿನ ಒಳದಾರಿಗೆ ತಿರುಗುವ ತಟ್ಟೆಯ ವಾಲ್ವ್ ಕೂರಿಸಿದ್ದು ಡೇನಿಯಲ್ ಜಿಮ್ಮರ್‌ಮನ್. ಕ್ರ್ಯಾಂಕ್ ಶಾಫ್ಟಿಗೆ ಸಿಕ್ಕಿಸಿದ ತೆಳು ಉಕ್ಕಿನ ತಟ್ಟೆ, ಅದರ ಅಂಚಿನಲ್ಲಿ ಒಂದು ಕಚ್ಚು. ಆ ಕಚ್ಚು ಕಾರ್ಬ್ಯುರೇಟರ್ ಬಾಯೆದುರು ಬಂದಾಗಷ್ಟೇ ಮಿಶ್ರಣ ಒಳಗೆ. ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಇದರಿಂದ ಪಿಸ್ಟನ್ನಿನ ಹಂಗಿಲ್ಲದೆ ತೀರ್ಮಾನಿಸಬಹುದಿತ್ತು. ಇನ್ನು ಹೊಟ್ಟೆಯುಬ್ಬಿದ ಹೊಗೆ ಕೊಳವೆಯನ್ನು 1951ರ ಹೊತ್ತಿಗೇ ತನ್ನ ಡಿಕೆಡಬ್ಲ್ಯು ರೇಸ್ ಬೈಕುಗಳಿಗೆ ಹಾಕಿದ್ದವನು ಎರಿಕ್ ವೋಲ್ಫ್. ಹಾಗಾದರೆ ಕಾಡೆನ್ ಮಾಡಿದ್ದೇನು ಎಂದು ಕೇಳುವವರಿದ್ದಾರೆ. ಅವನು ಅಳೆದ. ಹೊಗೆ ಕೊಳವೆಯೊಳಗಿನ ಒತ್ತಡ ಹೇಗೆ ಏರಿಳಿಯುತ್ತದೆ ಎಂಬುದನ್ನು ಆಸಿಲೋಸ್ಕೋಪಿನ ಪರದೆ ಮೇಲೆ ಕಣ್ಣಾರೆ ಕಂಡ. ಉಳಿದವರು ಅಂದಾಜಿನಲ್ಲಿ ಬಗ್ಗಿಸುತ್ತಿದ್ದ ತಗಡಿಗೆ ಅವನಿಂದಾಗಿ ಲೆಕ್ಕ ಬಂತು.

ಆ ಲೆಕ್ಕ ಹೀಗಿದೆ. ಹೊಗೆಯ ಬಾಗಿಲು ತೆರೆದೊಡನೆ ಕೊಳವೆಯಲ್ಲಿ ಒತ್ತಡದ ಅಲೆಯೊಂದು ಶಬ್ದದ ವೇಗದಲ್ಲಿ ಓಡುತ್ತದೆ. ಕೊಳವೆ ಅಗಲವಾಗುತ್ತ ಹೋಗುವ ಕಡೆ ಅದರಿಂದ ಹೀರುವ ಅಲೆ ಹುಟ್ಟಿ ಹಿಂದಿರುಗಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಕೊಳ್ಳುತ್ತದೆ. ಕೆಳಗಿನಿಂದ ಹೊಸ ಮಿಶ್ರಣವೂ ಮೇಲೆ ಬರುತ್ತದೆ. ಅದರಲ್ಲಿ ಒಂದಿಷ್ಟು ಕೊಳವೆಗೂ ಚೆಲ್ಲುತ್ತದೆ. ಅಷ್ಟರಲ್ಲಿ ಮೂಲ ಅಲೆ ಕೊಳವೆ ಕಿರಿದಾಗುವ ತುದಿಗೆ ಬಡಿದು, ಕಲ್ಯಾಣಿಯ ಕಟ್ಟೆಗೆ ತಾಗಿದ ನೀರಿನಂತೆ ಹಿಂದಿರುಗಿ, ಚೆಲ್ಲಿದ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಮರುಕ್ಷಣ ಪಿಸ್ಟನ್ ಬಾಗಿಲು ಮುಚ್ಚುತ್ತದೆ. ಇಲ್ಲದ ವಾಲ್ವಿನ ಕೆಲಸವನ್ನು ಅಲೆಯೇ ಮಾಡಿಬಿಡುತ್ತದೆ. ನಿಮಿಷಕ್ಕೆ 10,800 ಸುತ್ತು ಎಂದರೆ ಸೆಕೆಂಡಿಗೆ 180 ಸಲ ಈ ಹೋಗಿಬರುವ ಆಟ ನಡೆಯಬೇಕು. ಕೊಳವೆಯ ಅಗಲವಾಗುವ, ಕಿರಿದಾಗುವ ಶಂಕುಗಳ ಉದ್ದ, ಓರೆ ಸ್ವಲ್ಪ ತಪ್ಪಿದರೂ ಅಲೆ ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

ಇದರ ಜತೆಗೆ ಹೊಗೆಬಾಗಿಲ ಎದುರು ಮಿಶ್ರಣಕ್ಕೆ ಮೂರನೆಯದೊಂದು ದಾರಿ ಕೊರೆದ. ಅದು ಪಿಸ್ಟನ್ನಿನ ತಳವನ್ನೂ ಬೇರಿಂಗನ್ನೂ ತಣ್ಣಗಿಟ್ಟಿತು, ಶಕ್ತಿಯನ್ನೂ ಹೆಚ್ಚಿಸಿತು. 1961ರ ಹೊತ್ತಿಗೆ ಅವನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಲೀಟರಿಗೆ 200 ಅಶ್ವಶಕ್ತಿ! ಸೂಪರ್‌ಚಾರ್ಜರ್ ಇಲ್ಲದ ಯಾವ ಎಂಜಿನ್ನೂ ಆವರೆಗೆ ಅಷ್ಟು ಕೊಟ್ಟಿರಲಿಲ್ಲ. ಒಳ್ಳೆಯ ಲೋಹಕ್ಕೂ ಬಿಡಿಭಾಗಕ್ಕೂ ಪರದಾಡಬೇಕಿದ್ದ ದೇಶದಲ್ಲಿ ಕೂತು ಅವನು ಇದನ್ನು ಸಾಧಿಸಿದ. ಇಪ್ಪತ್ತನೇ ಶತಮಾನದ ಎಂಜಿನಿಯರಿಂಗ್ ಸಾಹಸಗಳಲ್ಲಿ ಇದಕ್ಕೆ ನಾನು ಬಹಳ ಎತ್ತರದ ಜಾಗ ಕೊಡುತ್ತೇನೆ.

ಡೆಗ್ನರ್ ಹೋದ ಮೇಲೆ ಆ ವರ್ಷದ ಪ್ರಶಸ್ತಿ ಹೋಂಡಾದ ಟಾಮ್ ಫಿಲಿಸ್ ಪಾಲಾಯಿತು. ಎಂಜೆಡ್‌ಗೆ ವಿಶ್ವ ಕಿರೀಟ ಕೊನೆಗೂ ಸಿಗಲಿಲ್ಲ. ಕಾಡೆನ್ ಮಾತ್ರ ಷೋಪೌ ಬಿಡಲಿಲ್ಲ, ಅಲ್ಲೇ ಕೆಲಸ ಮುಂದುವರಿಸಿದ. ಅವನ ವಿದ್ಯೆ ಜಗತ್ತಿನ ಆಸ್ತಿಯಾಯಿತು. 1975ರಲ್ಲಿ ಯಮಾಹ 500 ಸಿಸಿ ಕಿರೀಟ ಗೆದ್ದ ಮೇಲೆ 2001ರವರೆಗೂ ಆ ವಿಭಾಗದ ಚಾಂಪಿಯನ್ನರೆಲ್ಲ ಟೂ ಸ್ಟ್ರೋಕ್ ಸವಾರರೇ. ಕಾಡೆನ್ ಕೊಳವೆಗಿದ್ದ ದೋಷ ಒಂದೇ: ನಿಗದಿತ ವೇಗದ ಆಸುಪಾಸಿನಲ್ಲಷ್ಟೇ ಅದು ಮೈದುಂಬುತ್ತದೆ. ಹೊಗೆಬಾಗಿಲ ಎತ್ತರವನ್ನೇ ವೇಗಕ್ಕೆ ತಕ್ಕಂತೆ ಬದಲಿಸುವ ಯಮಾಹದ ಪವರ್ ವಾಲ್ವ್ ಬಂದದ್ದು ಆ ಕೊರತೆ ತುಂಬಲು.

ಜಪಾನಿಗೆ ಷೋಪೌ ಕೊಟ್ಟದ್ದು ಇದೊಂದೇ ಅಲ್ಲ. 1955ರಲ್ಲಿ ಯಮಾಹ ಮಾಡಿದ ಮೊಟ್ಟಮೊದಲ ಬೈಕ್ ವೈಎ-1, ಷೋಪೌ ಕಾರ್ಖಾನೆಯದೇ ಆದ ಅದೇ ಡಿಕೆಡಬ್ಲ್ಯು ಆರ್‌ಟಿ 125ರ ನಕಲು. ಆ ವಂಶದ ಕುಡಿಯೇ ನಮ್ಮ ಹುಡುಗರು ಇಂದಿಗೂ ಪ್ರಾಣ ಬಿಡುವ ಆರ್‌ಎಕ್ಸ್ 100.

ಕಾಡೆನ್ 1996ರ ಮಾರ್ಚ್ 3ರಂದು ತೀರಿಕೊಂಡ. ಟೂ ಸ್ಟ್ರೋಕ್ ಬೈಕು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಜುಲೈ ತಿಂಗಳ ಜಾವಾ ದಿನದಂದು ಹಳೆಯ ಟೂ ಸ್ಟ್ರೋಕ್ ಬೈಕುಗಳನ್ನು ಒರೆಸಿ, ಹೊಳಪಿಸಿ ಸಾಲಾಗಿ ನಿಲ್ಲಿಸುವ ಗೆಳೆಯರಲ್ಲಿ ಒಂದು ಕೋರಿಕೆ: ರೇಸಿಗೆಂದು ಚೇಂಬರ್, ಅಂದರೆ ಆ ಹೊಟ್ಟೆಯುಬ್ಬಿದ ಕೊಳವೆ, ಹಾಕಿಸಿದ ಬೈಕ್ ನಿಮ್ಮ ಸಾಲಿನಲ್ಲಿದ್ದರೆ, ಅದರ ಪಕ್ಕದ ಫಲಕದಲ್ಲಿ ವಾಲ್ಟರ್ ಕಾಡೆನ್ ಎಂದು ಬರೆಯಿರಿ.