ಗಂಡು ಮಗುವಿನ ಬೆಳವಣಿಗೆಯೂ ತೋಟದ ಔಷಧಿಯೂ



ಕ್ರಿಮಿನಾಶಕವೆಂದರೆ ಕುಡಿದರೆ ಸಾವು, ಮೈಗೆ ತಗುಲಿದರೆ ತಲೆಸುತ್ತು, ವಾಂತಿ. ಇಷ್ಟೇ ನಮ್ಮಲ್ಲಿ ಹಲವರ ತಿಳಿವಳಿಕೆ. ಸಿಂಪಡಿಸಿದವನು ಸಂಜೆ ಸ್ನಾನ ಮಾಡಿ ಗಟ್ಟಿಯಾಗಿದ್ದರೆ ಏನೂ ಆಗಲಿಲ್ಲವೆಂದು ನಂಬುತ್ತೇವೆ. ಆದರೆ ಕೆಲವು ಔಷಧಿಗಳ ಕೆಡುಕು ಅವನಲ್ಲಿ ಕಾಣದೆ, ಆಗ ಬಸುರಿಯ ಹೊಟ್ಟೆಯಲ್ಲಿದ್ದ ಗಂಡು ಮಗುವಿನಲ್ಲಿ ವರ್ಷಗಳ ಮೇಲೆ ಕಾಣಬಹುದು. ವಿಷಯ ಸಂಕೋಚದ್ದಾದರೂ ಬಿಡಿಸಿ ಹೇಳುವುದೇ ಲೇಸು.

ಗರ್ಭದಲ್ಲಿ ಮೊದಲಿಗೆ ಗಂಡಿಗೂ ಹೆಣ್ಣಿಗೂ ಜನನಾಂಗಗಳ ಮೊಳಕೆ ಒಂದೇ ತೆರನಾಗಿರುತ್ತದೆ. ಸುಮಾರು ಎಂಟನೆಯ ವಾರದಿಂದ ಗಂಡುಪಿಂಡದ ವೃಷಣಗಳು ಟೆಸ್ಟೋಸ್ಟಿರೋನ್ ಎಂಬ ರಸವನ್ನು ಸ್ರವಿಸುತ್ತವೆ. ಶಿಶ್ನ, ಮೂತ್ರನಾಳಗಳು ಗಂಡಿನ ರೂಪ ಪಡೆಯುವುದು ಇದರ ಅಪ್ಪಣೆಯಿಂದಲೇ. ಹೊಟ್ಟೆಯೊಳಗಿನ ವೃಷಣಗಳು ಕೊನೆಯ ತಿಂಗಳುಗಳಲ್ಲಿ ಚೀಲಕ್ಕೆ ಇಳಿಯುತ್ತವೆ. ಹುಟ್ಟಿದ ಮೊದಲ ಕೆಲವು ತಿಂಗಳು ಈ ರಸ ಮತ್ತೊಮ್ಮೆ ಏರಿ, ಆಮೇಲೆ ಪ್ರಾಯ ಬರುವವರೆಗೆ ಸುಮ್ಮನಿರುತ್ತದೆ.

ಈಸ್ಟ್ರೋಜನ್ ಎಂಬುದು ಮುಖ್ಯವಾಗಿ ಹೆಣ್ಣಿನ ರಸ. ಕೆಲವು ರಾಸಾಯನಿಕಗಳು ಶರೀರದೊಳಗೆ ಅದರಂತೆಯೇ ನಟಿಸುತ್ತವೆ, ಕಳ್ಳ ಬೀಗದ ಕೈ ಇದ್ದಂತೆ. ಇನ್ನು ಕೆಲವು ಗಂಡುರಸದ ಬೀಗಕ್ಕೆ ಅಡ್ಡ ಕೂರುತ್ತವೆ, ಡಿ.ಡಿ.ಟಿ. ಒಡೆದು ಉಂಟಾಗುವ ಡಿ.ಡಿ.ಇ. ಅಂಥದ್ದು. ಬೆಳೆದವನಿಗೆ ತಟ್ಟದ ಪ್ರಮಾಣವೂ ಅಂಗ ಮೂಡುವ ಆ ವಾರಗಳಲ್ಲಿ ತಟ್ಟಬಹುದು. ಸಸಿಮಡಿಯಲ್ಲೇ ಸುಳಿ ಕೆಟ್ಟ ಅಡಿಕೆಗೆ ಆಮೇಲೆ ಎಷ್ಟು ಗೊಬ್ಬರ ಕೊಟ್ಟರೇನು? ಅಮೆರಿಕದಲ್ಲಿ ಗರ್ಭಪಾತ ತಡೆಯಲೆಂದು ಡಿ.ಇ.ಎಸ್. ಎಂಬ ಕೃತಕ ಈಸ್ಟ್ರೋಜನ್ನನ್ನು ವೈದ್ಯರೇ ಬಸುರಿಯರಿಗೆ ಕೊಡುತ್ತಿದ್ದರು. ಬಸುರಿಯರಿಗೆ ಕೊಡಕೂಡದೆಂದು ಅಲ್ಲಿನ ಸರಕಾರ 1971ರಲ್ಲಿ ಎಚ್ಚರಿಸಿತು. ಆ ತಾಯಂದಿರ ಗಂಡುಮಕ್ಕಳಲ್ಲಿ ಇಳಿಯದ ವೃಷಣ ಮುಂತಾದ ದೋಷಗಳು ಹೆಚ್ಚಾಗಿ ಕಂಡವು.

ನಮ್ಮವರದೇ ಉದಾಹರಣೆ ಕಾಸರಗೋಡಿನ ಪಡ್ರೆ. ಕನ್ನಡ ಮಾತಾಡುವ ಅಡಿಕೆ ಬೆಳೆಗಾರರ ಊರು. ಗುಡ್ಡದ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟ, ಕೆಳಗೆ ಮನೆ, ತೋಡು, ಸುರಂಗದ ನೀರು. ಟೀ ಸೊಳ್ಳೆಯನ್ನು ಕೊಲ್ಲಲೆಂದು 2000ದವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್, ಕೃಷಿಕ ಪತ್ರಕರ್ತ ಶ್ರೀಪಡ್ರೆ ದನಿಯೆತ್ತಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿನ 10ರಿಂದ 19 ವಯಸ್ಸಿನ 117 ಹುಡುಗರನ್ನು, ಇಂಥ ಸಿಂಪರಣೆಯಾಗದ ಊರಿನ 90 ಹುಡುಗರೊಡನೆ ಹೋಲಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚು, ಟೆಸ್ಟೋಸ್ಟಿರೋನ್ ಕಡಿಮೆ. ಪ್ರಾಯದ ಲಕ್ಷಣಗಳು ತಡ. ವೃಷಣ ಇಳಿಯುವುದಕ್ಕೆ ಸಂಬಂಧಿಸಿದ ಜನ್ಮದೋಷ ಪಡ್ರೆಯಲ್ಲಿ ಶೇಕಡಾ 5.1, ಹೋಲಿಕೆಯ ಹುಡುಗರಲ್ಲಿ 1.1. ಈ ಕೊನೆಯ ಅಂತರ ಆಕಸ್ಮಿಕವೂ ಆಗಿರಬಹುದೆಂದು ವರದಿಯ ಲೆಕ್ಕವೇ ಹೇಳುತ್ತದೆ. ಹುಡುಗರ ಸಂಖ್ಯೆ ಚಿಕ್ಕದು. ಹಾಗೆಂದು ಉಳಿದದ್ದನ್ನು ತಳ್ಳಿಹಾಕುವುದು ನಮಗೆ ಸರಿಯೆನಿಸದು.

ಲಕ್ಕೂರಿನ ಮೇಲೆ ಹೆಲಿಕಾಪ್ಟರು ಬರಲಿಲ್ಲ, ನಿಜ. ಆದರೆ ಟೊಮೆಟೊ ಮಡಿಗೂ ಮನೆ ಬಾಗಿಲಿಗೂ ನಡುವೆ ನಮ್ಮಲ್ಲಿ ಎಷ್ಟು ಮಾರು ಅಂತರವಿದೆ? ಕಾಫಿಯಲ್ಲೂ ಕಾಯಿಕೊರಕಕ್ಕೆ ಎಂಡೋಸಲ್ಫಾನ್, ಕಾಂಡಕೊರಕಕ್ಕೆ ಲಿಂಡೇನ್ ಹಿಂದೆ ಬಳಕೆಯಲ್ಲಿದ್ದವು. ಎಂಡೋಸಲ್ಫಾನನ್ನು 2011ರ ಮೇ 13ರಂದು ಸುಪ್ರೀಂ ಕೋರ್ಟು ತಡೆಯಿತು. ಲಿಂಡೇನ್ ಬಳಕೆ 2013ರಲ್ಲಿ ನಿಂತಿತು.

ಬಸುರಿಯರು, ಮೊಲೆಯೂಡುವ ತಾಯಂದಿರು ಔಷಧಿ ಕಲಸುವುದಾಗಲಿ, ಸಿಂಪಡಿಸಿದ ಬಟ್ಟೆ ಒಗೆಯುವುದಾಗಲಿ ಬೇಡ. ಆ ಬಟ್ಟೆಯನ್ನು ಮಗುವಿನ ಬಟ್ಟೆಯೊಡನೆ ನೆನೆಹಾಕಬಾರದು. ಖಾಲಿ ಡಬ್ಬದಲ್ಲಿ ನೀರು, ಎಣ್ಣೆ ತುಂಬಿಡುವ ರೂಢಿ ಇಂದೇ ನಿಲ್ಲಲಿ. ಕೂಸಿನ ವೃಷಣ ಆರು ತಿಂಗಳಾದರೂ ಇಳಿಯದಿದ್ದರೆ "ದೊಡ್ಡವನಾದ ಮೇಲೆ ಸರಿಹೋಗುತ್ತದೆ" ಎನ್ನುವ ಅಜ್ಜಿಯಂದಿರ ಮಾತಿಗೆ ಕಾಯದೆ ವೈದ್ಯರಿಗೆ ತೋರಿಸಿರಿ. ಒಂದು ವರ್ಷದ ಆಸುಪಾಸಿನಲ್ಲಿ ಮಾಡುವ ಶಸ್ತ್ರಚಿಕಿತ್ಸೆ ಸುಲಭ, ಫಲವೂ ಹೆಚ್ಚು. ಅಟ್ಟದಲ್ಲೋ ಪಂಪುಮನೆಯಲ್ಲೋ ಹಳೆಯ ಎಂಡೋಸಲ್ಫಾನ್, ಲಿಂಡೇನ್ ಡಬ್ಬಗಳಿದ್ದರೆ ಬಾವಿ, ಕೆರೆ, ಹಳ್ಳಗಳಿಗೆ ಸುರಿಯದೆ, ಮುಚ್ಚಳ ಬಿಗಿದು ಬೇರೆ ಇಟ್ಟು, ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿರಿ.