ಮನೆಯಲ್ಲಿ ಕಟ್ಟುವ ವಿಮಾನ: ಸಾಮಗ್ರಿ ಮತ್ತು ಕಾರ್ಯಾಗಾರ

ಅಮೆರಿಕದ ಬರ್ಟ್ ರುಟಾನ್ ಎಂಬ ವಿಮಾನಶಿಲ್ಪಿಯು ರೂಪಿಸಿದ 'ವೆರಿ ಈಜಿ' ವಿಮಾನವು 1975ರಲ್ಲಿ ಮೊದಲು ಹಾರಿತು. ಮರುವರ್ಷ ಅದರ ನಕ್ಷೆಗಳು ಮಾರಾಟಕ್ಕೆ ಬರಲು, ಸಾಮಾನ್ಯ ಗೃಹಸ್ಥರೂ ಮನೆಯ ಗ್ಯಾರೇಜಿನಲ್ಲಿಯೇ ವಿಮಾನ ಕಟ್ಟತೊಡಗಿದರು. ಉಚ್ಚಾರಣೆಯಲ್ಲಿ ಹೆಸರು 'ಬಲು ಸುಲಭ'ವೆಂದರೂ ಕಾರ್ಯವು ಅಷ್ಟು ಸುಲಭವಲ್ಲ. ಹಗುರವಾದ ನೊರೆದಿಮ್ಮಿಯನ್ನು ಆಕಾರಕ್ಕೆ ಕತ್ತರಿಸಿ, ಗಾಜುನಾರಿನ ಬಟ್ಟೆಯನ್ನು ಎಪಾಕ್ಸಿ ರಾಳದಲ್ಲಿ ತೋಯಿಸಿ ಹೊದಿಸುವುದೇ ಇದರ ಕ್ರಮ.

ಇಲ್ಲಿ ಸಾಮಗ್ರಿಯ ಆಯ್ಕೆಯೇ ಪ್ರಾಣದ ಪ್ರಶ್ನೆ. ದೋಣಿ ಕಟ್ಟುವವರು ಬಳಸುವ ಪಾಲಿಯೆಸ್ಟರ್ ರಾಳವು ಅಗ್ಗವೆಂದು ತಂದರೆ, ರೆಕ್ಕೆಯ ಪಾಲಿಸ್ಟೈರೀನ್ ನೊರೆಯು ಅದರಲ್ಲಿ ಕರಗಿಹೋಗುವುದು. ಈ ನೊರೆಯನ್ನು ಕಾದ ತಂತಿಯಿಂದ ಕತ್ತರಿಸುವರು; ಒಡಲಿಗೆ ಬಳಸುವ ಯುರಿಥೇನ್ ನೊರೆಗಾದರೋ ಅದೇ ತಂತಿ ತಾಗಿದರೆ ವಿಷವಾಯು ಹೊಮ್ಮುವುದರಿಂದ, ಅದನ್ನು ಚಾಕುವಿನಿಂದಲೇ ಕೆತ್ತಬೇಕು. ಹೆಸರಿಗೆ ಎರಡೂ ನೊರೆಯೇ!

ಕಾರ್ಯಾಗಾರವು ಒಣಗಿದ್ದು, ಸುಮಾರು 25 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಚಳಿಯಲ್ಲಿ ರಾಳವು ಮಂದವಾಗಿ ಬಟ್ಟೆಯೊಳಕ್ಕೆ ಇಳಿಯದು. ಧೂಳಾಗಲಿ ಎಣ್ಣೆಯಾಗಲಿ ಬಟ್ಟೆಯನ್ನು ಸೋಂಕಬಾರದು. ರಾಳವನ್ನೂ ಅದನ್ನು ಗಟ್ಟಿಗೊಳಿಸುವ ದ್ರವವನ್ನೂ ತಕ್ಕಡಿಯಲ್ಲಿ ತೂಗಿಯೇ ಬೆರೆಸಬೇಕು. ದ್ರವವನ್ನು ಹೆಚ್ಚು ಸುರಿದರೆ ಬೇಗ ಗಟ್ಟಿಯಾದೀತೆಂಬುದು ಭ್ರಮೆ. ಪ್ರಮಾಣ ತಪ್ಪಿದ ಮಿಶ್ರಣವು ಪೂರ್ಣಬಲವನ್ನು ಪಡೆಯದು. ಬಣ್ಣ ಬಳಿದ ಮೇಲೆ ಆ ದೌರ್ಬಲ್ಯವು ಯಾರ ಕಣ್ಣಿಗೂ ಕಾಣದು. ಬರಿಗೈಯಲ್ಲಿ ರಾಳವನ್ನು ಮುಟ್ಟುವವರ ಚರ್ಮಕ್ಕೆ ಕ್ರಮೇಣ ಅದು ಒಗ್ಗದಂತಾಗುವುದುಂಟು. ಆದ್ದರಿಂದ ಕೈಗವಸುಗಳನ್ನು ಮೊದಲ ದಿನವೇ ತಂದಿಡತಕ್ಕದ್ದು.