ಆಕಾಶಕ್ಕೇರುವ ಮುನ್ನ ವೈದ್ಯರ ಮೆಟ್ಟಿಲು

ವಕೀಲರಿಗೆ ರಕ್ತದ ಒತ್ತಡ ಏರಿದರೆ ಒಂದು ಮಾತ್ರೆ ನುಂಗಿ ನ್ಯಾಯಾಲಯಕ್ಕೆ ನಡೆಯುತ್ತಾರೆ. ಮೇಷ್ಟರಿಗೆ ಕಿವಿ ಕೊಂಚ ಮಂದವಾದರೆ ಹಿಂದಿನ ಬೆಂಚಿನ ಹುಡುಗರಿಗೆ ಹಬ್ಬ. ಅವರ ಕೆಲಸಕ್ಕೇನೂ ಸಂಚಕಾರವಿಲ್ಲ. ಪತ್ರಿಕೆಯವರ ಕನ್ನಡಕದ ಗಾಜು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಗುವುದನ್ನು ಯಾರೂ ಅಳೆದು ನೋಡುವುದಿಲ್ಲ. ಆದರೆ ಪ್ರಯಾಣಿಕರ ವಿಮಾನವನ್ನು ನಡೆಸುವವನ ಪಾಡೇ ಬೇರೆ. ಹದಿನೈದು ಸಾವಿರ ಗಂಟೆ ಹಾರಿದ ಅನುಭವವಿರಲಿ, ಭುಜದ ಮೇಲೆ ನಾಲ್ಕು ಪಟ್ಟಿಗಳು ಹೊಳೆಯುತ್ತಿರಲಿ, ಕಾಲಕಾಲಕ್ಕೆ ಆತ ವೈದ್ಯರ ಮುಂದೆ ಅಂಗಿ ಕಳಚಿ ನಿಂತು, ತನ್ನ ದೇಹ ಇನ್ನೂ ಆ ಕೆಲಸಕ್ಕೆ ತಕ್ಕುದಾಗಿದೆಯೆಂದು ಸಿದ್ಧಮಾಡಿ ತೋರಿಸಬೇಕು. ವೈದ್ಯರು ಕೊಡುವ ಆ ಒಂದು ಹಾಳೆಯ ಅವಧಿ ಮುಗಿಯಿತೆಂದರೆ, ಲೈಸೆನ್ಸು ಪೆಟ್ಟಿಗೆಯಲ್ಲಿ ಭದ್ರವಾಗಿದ್ದರೂ ಮರುದಿನ ವಿಮಾನವನ್ನು ಮುಟ್ಟುವಂತಿಲ್ಲ. (ಆತ ಎಂದು ಬರೆದದ್ದು ರೂಢಿಯಿಂದ, ನಮ್ಮ ದೇಶದಲ್ಲಿ ಈ ಕೆಲಸ ಮಾಡುವ ಹೆಣ್ಣುಮಕ್ಕಳ ಸಂಖ್ಯೆಯೂ ಕಡಿಮೆಯೇನಲ್ಲ.)

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ವಿಧಿಸಿ ಬಹುತೇಕ ದೇಶಗಳು ಒಪ್ಪಿಕೊಂಡಿರುವ ಕ್ರಮದಂತೆ, ವೃತ್ತಿಯ ಚಾಲಕರಿಗೆ ಈ ಪತ್ರದ ಅವಧಿ ಹನ್ನೆರಡು ತಿಂಗಳು. ಅರವತ್ತು ದಾಟಿದವರಿಗೆ ಆರೇ ತಿಂಗಳು. ಜೊತೆಗೆ ಇನ್ನೊಬ್ಬ ಚಾಲಕನಿಲ್ಲದೆ ಒಬ್ಬನೇ ಪ್ರಯಾಣಿಕರನ್ನು ಕೊಂಡೊಯ್ಯುವವನಾದರೆ ನಲವತ್ತು ದಾಟಿದಾಗಲೇ ಆರು ತಿಂಗಳಿಗಿಳಿಯುತ್ತದೆ. ಅರವತ್ತೈದು ತುಂಬಿದ ಮೇಲೆ ದೇಹ ವಜ್ರದಂತಿದ್ದರೂ ಅಂತಾರಾಷ್ಟ್ರೀಯ ಪ್ರಯಾಣಿಕ ವಿಮಾನಗಳಲ್ಲಿ ಅವಕಾಶವಿಲ್ಲ.

ಬರಿಯ ಕಣ್ಣು ಕಿವಿಗಳ ಮಾತಲ್ಲ

ಕಣ್ಣಿನ ಪರೀಕ್ಷೆಯೆಂದರೆ ಗಿಡುಗನ ದೃಷ್ಟಿ ಬೇಕೆಂದು ಅನೇಕರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಸಾಮಾನ್ಯ ದೃಷ್ಟಿಯವರು ಒಂಬತ್ತು ಮೀಟರ್ ದೂರದಿಂದ ಓದಬಲ್ಲ ಅಕ್ಷರವನ್ನು ಒಂದೊಂದು ಕಣ್ಣಿನಿಂದಲೂ ಆರು ಮೀಟರ್ ದೂರದಿಂದಲಾದರೂ ಓದಬೇಕು. ಎರಡು ಕಣ್ಣೂ ಸೇರಿದಾಗ ದೃಷ್ಟಿ ಪೂರ್ಣವಾಗಿರಬೇಕು. ಕನ್ನಡಕ ಧರಿಸಿ ಓದಿದರೂ ಅಡ್ಡಿಯಿಲ್ಲ. ಆದರೆ ಹಾರುವಾಗ ಕೈಗೆ ಎಟುಕುವಲ್ಲಿ ಇನ್ನೊಂದು ಜೊತೆ ಕನ್ನಡಕ ಇರಲೇಬೇಕು. ಕನ್ನಡಕವನ್ನು ಎಲ್ಲಿಟ್ಟೆನೆಂದು ಮನೆಯೆಲ್ಲ ಹುಡುಕುವ ನಮ್ಮಂಥವರಿಗೂ ಈ ನಿಯಮ ಬಂದರೆ ಎಷ್ಟು ಚೆನ್ನ!

ಬಣ್ಣದ ಪರೀಕ್ಷೆ ಇದಕ್ಕಿಂತ ಕಠಿನ. ಜಪಾನಿನ ನೇತ್ರವೈದ್ಯ ಷಿನೊಬು ಇಷಿಹಾರ ೧೯೧೭ರಲ್ಲಿ ಪ್ರಕಟಿಸಿದ, ಬಣ್ಣಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಪುಟಗಳು ಇಂದಿಗೂ ಬಳಕೆಯಲ್ಲಿವೆ. ಕೆಂಪು ಹಸಿರುಗಳ ಭೇದ ಕಾಣದವನಿಗೆ ಆ ಅಂಕಿ ಕಾಣಿಸದು. ಇದೇಕೆ ಇಷ್ಟು ಮುಖ್ಯವೆಂದರೆ, ಹಲವು ರನ್‌ವೇಗಳ ಪಕ್ಕದಲ್ಲಿ ನಾಲ್ಕು ದೀಪಗಳು ಸಾಲಾಗಿ ಉರಿಯುತ್ತಿರುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ವಿಮಾನ ಸರಿಯಾದ ಇಳಿಜಾರಿನಲ್ಲಿದೆ. ನಾಲ್ಕೂ ಬಿಳಿಯಾದರೆ ಅತಿ ಎತ್ತರ. ನಾಲ್ಕೂ ಕೆಂಪಾದರೆ ನೆಲ ಬೇಕಾದುದಕ್ಕಿಂತ ಹತ್ತಿರ ಬಂದಿದೆಯೆಂದು ಅರ್ಥ.

ಕಿವಿ, ಎದೆ, ರಕ್ತ, ಮೂತ್ರ, ಇ.ಸಿ.ಜಿ. ಇವು ನಮಗೂ ಗೊತ್ತಿರುವ ಪರೀಕ್ಷೆಗಳು. ಆದರೆ ವೈದ್ಯರು ನೋಡುವ ದೃಷ್ಟಿಯಲ್ಲಿ ವ್ಯತ್ಯಾಸವುಂಟು. ನಮ್ಮ ವೈದ್ಯರು ರೋಗವನ್ನು ಗುಣಪಡಿಸುವ ಯೋಚನೆ ಮಾಡುತ್ತಾರೆ. ವಿಮಾನಚಾಲಕನ ವೈದ್ಯರು, ಈ ಮನುಷ್ಯ ಮುಂದಿನ ಹನ್ನೆರಡು ತಿಂಗಳಲ್ಲಿ ಕುಳಿತಲ್ಲೇ ಹಠಾತ್ತನೆ ಕುಸಿಯುವ ಸಂಭವವೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಮೂತ್ರಪಿಂಡದಲ್ಲಿರುವ ಸಣ್ಣ ಹರಳು ನೆಲದ ಮೇಲಿರುವವರಿಗೆ ಅಂಥ ಭಯವಲ್ಲ. ಅದೇ ಹರಳು ಇಳಿಯುವ ಹೊತ್ತಿನಲ್ಲಿ ಕದಲಿತೆಂದರೆ ಆ ನೋವಿನಲ್ಲಿ ಯಾರ ಕೈ ತಾನೆ ಸ್ಥಿರವಾಗಿದ್ದೀತು? ನೆಗಡಿಯ ವಿಷಯವೂ ಹೀಗೆಯೇ. ವಿಮಾನ ಎಷ್ಟೇ ಎತ್ತರದಲ್ಲಿರಲಿ, ಒಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಊರಿನಂತೆ, ಅಂದರೆ ಹೆಚ್ಚುಕಡಿಮೆ ಊಟಿಯಂತೆ ಇರುತ್ತದೆ. ಇಳಿಯುವಾಗ ಅರ್ಧ ಗಂಟೆಯೊಳಗೆ ಊಟಿಯಿಂದ ಮಂಗಳೂರಿನ ಕಡಲತೀರಕ್ಕೆ ಬಂದಂತಾಗಿ, ಮೂಗು ಕಟ್ಟಿದವನ ಕಿವಿಯೊಳಗೆ ಸೂಜಿ ಚುಚ್ಚಿದ ಅನುಭವವಾಗುತ್ತದೆ.

ಈ ವಿದ್ಯೆಗೆ ಬೆಂಗಳೂರಿನೊಡನೆ ಹಳೆಯ ನಂಟಿದೆ. ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ವಾಯುಪಡೆಯ ವೈಮಾನಿಕ ವೈದ್ಯಶಾಸ್ತ್ರದ ಸಂಸ್ಥೆ ೧೯೫೭ರಲ್ಲಿ ಪ್ರಾರಂಭವಾಯಿತು. ೧೯೮೪ರಲ್ಲಿ ಅಂತರಿಕ್ಷಕ್ಕೆ ಹೋಗಿಬಂದ ರಾಕೇಶ್ ಶರ್ಮರು ಇಲ್ಲಿ ಪರೀಕ್ಷೆಗೊಳಗಾದವರು. ಗಗನಯಾನಕ್ಕಾಗಿ ವೈಮಾನಿಕರನ್ನು ಆರಿಸುವಾಗಲೂ ಮೊದಲ ತಪಾಸಣೆ ನಡೆದದ್ದು ಇಲ್ಲಿಯೇ.

ಏಳು, ನಾಲ್ಕು

ಇಷ್ಟೆಲ್ಲ ಶಾಸ್ತ್ರೀಯವಾದ ಏರ್ಪಾಡಿನ ಬುಡದಲ್ಲಿ ಒಂದು ಸಾಮಾನ್ಯ ಸಂಗತಿಯುಂಟು: ಗೊತ್ತಾದ ದಿನ ಗೊತ್ತಾದ ವೈದ್ಯರು ಸಿಕ್ಕಬೇಕು. ಅದು ತಪ್ಪಿದರೆ ಏನಾಗುತ್ತದೆಂಬುದನ್ನು ಪರಿಚಿತರೊಬ್ಬರ ಮನೆಯಲ್ಲಿ ನಾನು ಹತ್ತಿರದಿಂದ ಕಂಡೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರುಗಳು ಬೇಡ.

ಅವರು ಕ್ಯಾಪ್ಟನ್; ವಯಸ್ಸು ನಲವತ್ತೇಳು. ಅರ್ಹತಾಪತ್ರದ ಅವಧಿ ಏಪ್ರಿಲ್ ೧೨ಕ್ಕೆ ಮುಗಿಯಬೇಕಾಗಿತ್ತು. ಎರಡು ತಿಂಗಳು ಮೊದಲೇ ಏಪ್ರಿಲ್ ಏಳನೆಯ ತಾರೀಖನ್ನು ಗೊತ್ತುಮಾಡಿಕೊಂಡು, ಆ ದಿನ ರಾತ್ರಿಯಿಂದ ಉಪವಾಸವಿದ್ದು ಬೆಳಗ್ಗೆ ವೈದ್ಯರ ಬಾಗಿಲಿಗೆ ಹೋದರು. ಮೇಜಿನ ಹಿಂದಿದ್ದ ಹುಡುಗಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿ, “ಸಾರ್, ಇವತ್ತಿನ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲವಲ್ಲ?” ಎಂದಳು.

“ಇರಲೇಬೇಕಮ್ಮಾ. ಸರಿಯಾಗಿ ನೋಡು.”

ಆಕೆ ಇನ್ನೊಮ್ಮೆ ಹುಡುಕಿದಳು. “ಇದೆ ಸಾರ್. ಜುಲೈ ನಾಲ್ಕಕ್ಕೆ ಇದೆ.”

ಇವರು ಬರೆದು ಕಳಿಸಿದ್ದು ೭-೪ ಎಂದು. ನಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಆ ಯಂತ್ರವೋ ಅಮೆರಿಕದ ಪದ್ಧತಿಯದು. ಅಲ್ಲಿ ತಿಂಗಳೇ ಮೊದಲು. ಏಪ್ರಿಲ್ ಏಳು ಸದ್ದಿಲ್ಲದೆ ಜುಲೈ ನಾಲ್ಕಾಗಿ ಕುಳಿತಿತ್ತು. ವೈದ್ಯೆಗೆ ಆ ದಿನ ಬಿಡುವಿಲ್ಲ. ಮರುದಿನ ಅವರು ಹತ್ತು ದಿನಗಳ ಮಟ್ಟಿಗೆ ಪರಸ್ಥಳಕ್ಕೆ ಹೊರಟಿದ್ದರು. ಬೇರೆ ಕಡೆ ವಿಚಾರಿಸಿದರೆ ರಜಾದಿನಗಳ ನಡುವೆ ಎಲ್ಲೆಲ್ಲಿಯೂ ಪಟ್ಟಿ ತುಂಬಿತ್ತು. ಕೊನೆಗೆ ಸಿಕ್ಕಿದ ದಿನ ಏಪ್ರಿಲ್ ೨೧.

ಹದಿಮೂರನೆಯ ತಾರೀಖು ಅವರು ದೆಹಲಿಯ ವಿಮಾನವನ್ನು ನಡೆಸಬೇಕಾಗಿತ್ತು. ಪಾಳಿ ಹಂಚುವವರು ತಪಾಸಣೆ ಆಗಿಯೇ ತೀರುತ್ತದೆಂಬ ನಂಬಿಕೆಯಿಂದ ಮುಂದಿನ ಎರಡು ವಾರದ ಹಾರಾಟಗಳನ್ನು ಅವರ ಹೆಸರಿಗೆ ಬರೆದಿದ್ದರು. ಅವಧಿ ಮುಗಿದ ರಾತ್ರಿ ಆ ಹೆಸರಿನ ಮುಂದೆ ಕೆಂಪು ಗುರುತು ಬಿತ್ತು. ತಂಗಿಯ ಮದುವೆಗೆಂದು ರಜೆಯಲ್ಲಿದ್ದ ಇನ್ನೊಬ್ಬ ಕ್ಯಾಪ್ಟನ್ನರು ನಾಂದಿಯ ದಿನವೇ ಸಮವಸ್ತ್ರ ತೊಡಬೇಕಾಯಿತು. ಇವರಿಗೋ ಹಾರಿದ ಗಂಟೆಗಳ ಲೆಕ್ಕದಲ್ಲಿ ಬರುವ ಭತ್ಯೆ ನಿಂತಿತು. ಜುಲೈವರೆಗೆ ಸುಮ್ಮನಿದ್ದಿದ್ದರೆ ಎಂಬತ್ತಮೂರು ದಿನಗಳಾಗುತ್ತಿದ್ದುವು. ತೊಂಬತ್ತು ದಿನಗಳಲ್ಲಿ ಮೂರು ಸಲವಾದರೂ ಮೇಲೇರಿ ಇಳಿದಿರದಿದ್ದರೆ, ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಮುನ್ನ ಮತ್ತೆ ಅಭ್ಯಾಸ ಮಾಡಿ ತೋರಿಸಬೇಕು.

ಹೇಳದೆ ಉಳಿದದ್ದು

ಕಥೆ ಇಲ್ಲಿಗೇ ಮುಗಿದಿದ್ದರೆ ಬರೆಯುವಷ್ಟೇನೂ ಇರಲಿಲ್ಲ. ೨೧ರಂದು ಅವರ ರಕ್ತದ ಒತ್ತಡ ಮಿತಿಮೀರಿತ್ತು. ವೈದ್ಯರನ್ನು ಕಂಡರೇ ಒತ್ತಡ ಏರುವ ಚಾಲಕರು ಹಲವರಿರುತ್ತಾರೆ. ವೈದ್ಯೆ ಅರ್ಧ ಗಂಟೆ ಕೂರಿಸಿ ಮತ್ತೆ ಅಳೆದರು, ಇಳಿಯಲಿಲ್ಲ. ಇಪ್ಪತ್ತನಾಲ್ಕು ಗಂಟೆಯೂ ತೋಳಿಗೆ ಕಟ್ಟಿಕೊಂಡು ತಾನೇ ಅಳೆದು ಬರೆದಿಡುವ ಯಂತ್ರವನ್ನು ಕಟ್ಟಿ ಮನೆಗೆ ಕಳಿಸಿದರು. ಮರುದಿನ ಅದರ ಲೆಕ್ಕವನ್ನು ನೋಡಿ ಅವರು ಕೇಳಿದ್ದು ಒಂದೇ ಮಾತು: “ಕ್ಯಾಪ್ಟನ್, ಬೆಳಗಿನ ಜಾವ ಮೂರು ಗಂಟೆಗೆ ನೀವು ಎಚ್ಚರವಾಗಿದ್ದಿರಾ?”

ಐದು ತಿಂಗಳ ಹಿಂದೆ ಅವರ ತಂದೆ ತೀರಿಕೊಂಡಿದ್ದರು. ಅಂದಿನಿಂದ ನಿದ್ರೆ ಇರಲಿಲ್ಲ. ಅರ್ಜಿಯಲ್ಲಿ ನಿದ್ರೆಯ ಪ್ರಶ್ನೆಯ ಮುಂದೆ ಅವರು ‘ತೊಂದರೆಯಿಲ್ಲ’ ಎಂದೇ ಬರೆದಿದ್ದರು. “ಇದ್ದುದನ್ನು ಇದ್ದಂತೆ ಬರೆಯಿರಿ ಎಂದು ನಾನು ಹೇಳಿದ್ದೆ. ಬರೆದರೆ ಮನೆಯಲ್ಲಿ ಕೂರಬೇಕಾಗುತ್ತದೆ ಎಂದರು,” ಎಂದು ಅವರ ಮನೆಯಾಕೆ ನನ್ನೊಡನೆ ಹೇಳಿದರು.

ಈ ಅಂಜಿಕೆಯನ್ನು ಬರಿಯ ದೌರ್ಬಲ್ಯವೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಇಪ್ಪತ್ತು ವರ್ಷ ಕಲಿತ ವಿದ್ಯೆ, ಮನೆಯ ಸಾಲ, ಮಗಳ ಕಾಲೇಜು, ಎಲ್ಲವೂ ಒಂದು ಸಹಿಯ ಮೇಲೆ ನಿಂತಿರುವಾಗ ಬಾಯಿ ಬಿಡುವುದು ಸುಲಭವಲ್ಲ. ಆದರೆ ಬಾಯಿ ಬಿಡದೆ ಇದ್ದುದರ ಫಲವನ್ನು ಜಗತ್ತು ಕಂಡಿದೆ. ೨೦೧೫ರ ಮಾರ್ಚ್ ೨೪ರಂದು ಬಾರ್ಸಿಲೋನದಿಂದ ಡ್ಯುಸೆಲ್ಡಾರ್ಫಿಗೆ ಹೊರಟ ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹಚಾಲಕ ಬೇಕೆಂದೇ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದ. ಅದರಲ್ಲಿದ್ದ ೧೫೦ ಜನರೂ ಮಡಿದರು. ಕೆಲಸಕ್ಕೆ ಹೋಗಬಾರದೆಂದು ವೈದ್ಯರು ಕೊಟ್ಟಿದ್ದ ಚೀಟಿಗಳು ಅವನ ಮನೆಯಲ್ಲಿ ಹರಿದ ಸ್ಥಿತಿಯಲ್ಲಿ ಸಿಕ್ಕವು. ಫ್ರೆಂಚ್ ತನಿಖಾಧಿಕಾರಿಗಳು ೨೦೧೬ರ ವರದಿಯಲ್ಲಿ, ಹಾರುವ ಹಕ್ಕನ್ನು ಕಳೆದುಕೊಳ್ಳುವ ಭಯ ಮತ್ತು ಆದಾಯದ ನಷ್ಟಕ್ಕೆ ತಕ್ಕ ವಿಮೆ ಇಲ್ಲದಿದ್ದುದು, ಇವೆರಡನ್ನೂ ಅವನ ಮೌನಕ್ಕೆ ಎಡೆಮಾಡಿಕೊಟ್ಟಿರಬಹುದಾದ ಸಂಗತಿಗಳಲ್ಲಿ ಎಣಿಸಿದರು. ಆ ಬಳಿಕ ಯೂರೋಪಿನಲ್ಲಿ, ಚಾಲಕರು ತಮ್ಮ ಕಷ್ಟವನ್ನು ಸಹೋದ್ಯೋಗಿಗಳ ಮುಂದೆ ಗುಟ್ಟಾಗಿ ಹೇಳಿಕೊಳ್ಳಲು ನೆರವಿನ ಏರ್ಪಾಡು ಕಡ್ಡಾಯವೆಂದು ೨೦೧೮ರಲ್ಲಿ ನಿಯಮವಾಯಿತು.

ತಪಾಸಣೆಯ ಕಣ್ಣಿಗೂ ಮಿತಿಯುಂಟು. ೧೯೭೨ರ ಜೂನ್ ೧೮ರಂದು ಲಂಡನ್ನಿನ ಬಳಿ ಸ್ಟೇನ್ಸ್‌ನಲ್ಲಿ ಟ್ರೈಡೆಂಟ್ ವಿಮಾನ ಬಿದ್ದು ೧೧೮ ಮಂದಿ ಸತ್ತರು. ಐವತ್ತೊಂದು ವರ್ಷದ ಅದರ ಕ್ಯಾಪ್ಟನ್ನರ ಹೃದಯದ ರಕ್ತನಾಳಗಳು ಬಹಳ ಕೆಟ್ಟಿದ್ದುವೆಂಬುದು ಶವಪರೀಕ್ಷೆಯಲ್ಲಷ್ಟೇ ತಿಳಿಯಿತು, ಅದುವರೆಗಿನ ಇ.ಸಿ.ಜಿ.ಗಳಲ್ಲಿ ಅದರ ಸುಳಿವೇ ಇರಲಿಲ್ಲ. ಯಂತ್ರಕ್ಕೆ ಕಾಣದ್ದನ್ನು ಮನುಷ್ಯನೇ ಬಾಯಿಬಿಟ್ಟು ಹೇಳಬೇಕಾಗುತ್ತದೆ.

ವೈದ್ಯರು ಬೇಡವೆಂದ ಮಾತ್ರಕ್ಕೆ ಬಾಗಿಲು ಮುಚ್ಚಿಹೋಯಿತೆಂದೂ ಅಲ್ಲ. ಅಮೆರಿಕದ ಮೊದಲ ಏಳು ಗಗನಯಾತ್ರಿಗಳಲ್ಲೊಬ್ಬರಾದ ಡೀಕ್ ಸ್ಲೇಟನ್ ಅವರನ್ನು ೧೯೬೨ರಲ್ಲಿ ಹೃದಯದ ಬಡಿತ ಕ್ರಮವಾಗಿಲ್ಲವೆಂದು ಕೆಳಗೇ ಉಳಿಸಿದರು. ಹತ್ತು ವರ್ಷಗಳ ಮೇಲೆ ವೈದ್ಯರು ಸರಿಯೆಂದರು. ೧೯೭೫ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಅವರು ಅಂತರಿಕ್ಷಕ್ಕೆ ಹೋಗಿಬಂದರು.

ನಮ್ಮ ಕ್ಯಾಪ್ಟನ್ನರು ಕಾಯಬೇಕಾದದ್ದು ಹತ್ತು ವರ್ಷವಲ್ಲ, ಆರು ವಾರ. ವೈದ್ಯೆ ಗದರಿಸಲಿಲ್ಲ. ತಾತ್ಕಾಲಿಕವಾಗಿ ಹಾರಲು ಅನರ್ಹರೆಂದು ಬರೆದು, ನಿದ್ರೆಗೂ ದುಃಖಕ್ಕೂ ತಕ್ಕ ಚಿಕಿತ್ಸೆಗೆ ಕಳಿಸಿಕೊಟ್ಟರು. ಜೂನ್ ತಿಂಗಳಲ್ಲಿ ಮರುಪರೀಕ್ಷೆಯಾಗಿ ಅವರು ಮತ್ತೆ ಹಾರತೊಡಗಿದರು. ಏಳನೆಯ ತಾರೀಖೇ ತಪಾಸಣೆಯಾಗಿದ್ದರೆ ಮೂರು ಗಂಟೆಯ ಮಾತು ಹೊರಬೀಳುತ್ತಿತ್ತೋ ಇಲ್ಲವೋ ಎಂದು ನಾನು ಕೇಳಿದಾಗ ಅವರು ಉತ್ತರ ಕೊಡದೆ ಕಾಫಿ ಕುಡಿದರು.

ಅವಧಿ ಮುಗಿಯುವ ಮೊದಲು ನಲವತ್ತೈದು ದಿನಗಳೊಳಗೆ ತಪಾಸಣೆ ಮಾಡಿಸಿಕೊಂಡರೂ ಹೊಸ ಅವಧಿಯನ್ನು ಹಳೆಯದು ಮುಗಿಯುವ ದಿನದಿಂದಲೇ ಎಣಿಸಬಹುದೆಂದು ಅಂತಾರಾಷ್ಟ್ರೀಯ ಕ್ರಮದಲ್ಲಿ ಸೂಚನೆಯಿದೆ. ಅವರು ಈಗ ಕಡೆಯ ವಾರದವರೆಗೆ ಕಾಯುವುದಿಲ್ಲ. ತಾರೀಖನ್ನು ಅಂಕಿಯಲ್ಲಿ ಬರೆಯುವುದನ್ನೂ ಬಿಟ್ಟಿದ್ದಾರೆ. ಆ ಮೇಜಿನ ಹಿಂದಿನ ಹುಡುಗಿಯೂ ಅಷ್ಟೆ. ದೂರವಾಣಿಯಲ್ಲಿ ಯಾರು ದಿನ ಕೇಳಿದರೂ, ಮೊದಲು ತಿಂಗಳ ಹೆಸರನ್ನು ಎರಡು ಸಲ ಹೇಳಿಸಿಕೊಳ್ಳುತ್ತಾಳಂತೆ.